ವ್ಯಸನ ಬಿಡಿಸಿದ ಕೂಟಗಳು

‘ವ್ಯಸನ’ ಎಂಬ ಶಬ್ದಕ್ಕೆ ನಮ್ಮ ನುಡಿಯಲ್ಲಿ ಎರಡು ಅರ್ಥಗಳುಂಟು. ಬಂಧುವೊಬ್ಬರು ತೀರಿಕೊಂಡಾಗ ‘ಬಹಳ ವ್ಯಸನಪಟ್ಟರು’ ಎನ್ನುತ್ತೇವೆ. ಬಿಡಬೇಕೆಂದರೂ ಬಿಡಲಾಗದ ದುರಭ್ಯಾಸಕ್ಕೂ ಅದೇ ಹೆಸರು. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ರಾಜ್ಯಕ್ಕೆ ಒದಗುವ ವಿಪತ್ತನ್ನೂ ಅರಸನ ಜೂಜು, ಕುಡಿತ, ಬೇಟೆಗಳನ್ನೂ ಈ ಒಂದೇ ಶಬ್ದದಿಂದ ಕರೆದಿದ್ದಾನೆ. ಜೈನಕವಿಗಳು ಎಣಿಸುವ ಸಪ್ತವ್ಯಸನಗಳಲ್ಲಿ ಮದ್ಯಪಾನವೂ ಒಂದು. ಈಚೆಗೆ ಬಳಕೆಗೆ ಬಂದ ‘ಚಟ’ ಎಂಬ ಮಾತಿಗಿಂತ ನನಗೆ ಈ ಹಳೆಯ ಶಬ್ದವೇ ಮೇಲೆಂದು ತೋರುತ್ತದೆ. ಚಟವೆಂದರೆ ಅದು ಒಬ್ಬನದು. ವ್ಯಸನವೆಂದಾಗ ಕುಡಿಯುವವನ ಅಭ್ಯಾಸದ ಜೊತೆಗೆ ಅವನ ಮನೆಯವರ ದುಃಖವೂ ಮಾತಿನೊಳಗೆ ಬಂದುಬಿಡುತ್ತದೆ.

ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರಗಳ ಕಡೆ ವಾಸವಾಗಿರುವ ಓದುಗರೆ, ನಿಮ್ಮ ಬೀದಿಯಲ್ಲಿಯೂ ಇಂಥ ಒಂದೆರಡು ಮನೆಗಳು ಇರದೆ ಇರಲಾರವು. ಶಾಲೆಯ ಉಪಾಧ್ಯಾಯನಿಗೆ ಇದು ಹಾಜರಿ ಪುಸ್ತಕದಿಂದಲೇ ತಿಳಿಯುವ ಸಂಗತಿ. ಸಂಬಳದ ಮರುದಿನ ಬಾರದ ಮಗು, ಬಂದರೂ ಮೊದಲ ಪಾಠಕ್ಕೇ ತೂಕಡಿಸುವ ಮಗು, ಇವೇ ಅದರ ಗುರುತುಗಳು. ಅಂಥ ಮನೆಯವರು ಕೇಳುವ ಪ್ರಶ್ನೆ ಒಂದೇ: ‘ಎಲ್ಲಿಗೆ ಹೋಗಬೇಕು ಸ್ವಾಮಿ?’ ಈ ಪ್ರಶ್ನೆಗೆ ನಮ್ಮ ನಾಡು ಕಾಲಕಾಲಕ್ಕೆ ಏನೇನು ಉತ್ತರ ಕೊಡುತ್ತ ಬಂದಿತೆಂಬುದಕ್ಕೂ ಒಂದು ಚರಿತ್ರೆಯುಂಟು. ಅದನ್ನು ತಿಳಿದರೆ ಇಂದು ಎಲ್ಲಿಗೆ ಹೋಗಬೇಕೆಂಬುದೂ ಸ್ವಲ್ಪ ತಿಳಿಯಾದೀತು.

ಅರಸರೂ ಸರಕಾರಗಳೂ ಕೊಟ್ಟ ಉತ್ತರ ಬಹುಮಟ್ಟಿಗೆ ಅಂಗಡಿಯ ಬಾಗಿಲಿಗೆ ಸಂಬಂಧಿಸಿದ್ದು. ಅದನ್ನು ಮುಚ್ಚಬೇಕೋ ತೆರೆಯಬೇಕೋ ಎಂಬುದು. ಕೌಟಿಲ್ಯನ ಸುರಾಧ್ಯಕ್ಷನು ಮದ್ಯದ ತಯಾರಿಕೆಗೂ ಮಾರಾಟಕ್ಕೂ ಕಟ್ಟು ಹಾಕುತ್ತಿದ್ದ ಅಧಿಕಾರಿ. ಟಿಪ್ಪು ಸುಲ್ತಾನನು ತನ್ನ ರಾಜ್ಯದಲ್ಲಿ ಮದ್ಯವನ್ನು ನಿಲ್ಲಿಸಲು ಯತ್ನಿಸಿದನು. ಗಾಂಧೀಯುಗದಲ್ಲಿ ಪಾನನಿರೋಧವು ಸ್ವಾತಂತ್ರ್ಯದ ಹೋರಾಟದೊಂದಿಗೆ ಬೆಸೆದುಕೊಂಡಿತು. 1937ರಲ್ಲಿ ರಾಜಾಜಿಯವರು ಸೇಲಂ ಜಿಲ್ಲೆಯಲ್ಲಿ ಪಾನನಿಷೇಧವನ್ನು ಆರಂಭಿಸಿದರು. 1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಈಚಲ ಮರಗಳನ್ನು ಕಡಿದು ಸೆರೆಮನೆ ಸೇರಿದರು. ಸಂವಿಧಾನದ 47ನೆಯ ಅನುಚ್ಛೇದವು ಪಾನನಿಷೇಧದ ಕಡೆಗೆ ನಡೆಯುವಂತೆ ರಾಜ್ಯಕ್ಕೆ ಸೂಚನೆ ಕೊಟ್ಟಿತು. ಮೈಸೂರು ಸಂಸ್ಥಾನದಲ್ಲಿ 1948ರಲ್ಲಿ ಕಾಯಿದೆಯಾಗಿ ಕೆಲವು ಜಿಲ್ಲೆಗಳಲ್ಲಿ ಜಾರಿಗೆ ಬಂದಿತು. 1956ರಲ್ಲಿ ಕನ್ನಡ ನಾಡು ಒಂದಾದಾಗ ನೋಡಿದರೆ, ಮುಂಬಯಿಯಿಂದ ಬಂದ ಜಿಲ್ಲೆಗಳಿಗೆ ಮುಂಬಯಿಯ 1949ರ ಕಾಯಿದೆ, ಮದರಾಸಿನಿಂದ ಬಂದ ದಕ್ಷಿಣ ಕನ್ನಡಕ್ಕೆ ಮದರಾಸಿನ 1937ರ ಕಾಯಿದೆ, ನಮ್ಮ ಕಡೆಗೆ ನಮ್ಮದೇ ಕಾಯಿದೆ! ಕೊನೆಗೆ 1967ರಲ್ಲಿ ನಿಷೇಧವನ್ನೇ ತೆಗೆದುಹಾಕಲಾಯಿತು. ಆಗ ಮುಖ್ಯಮಂತ್ರಿಗಳಾಗಿದ್ದವರು ತುರುವನೂರಿನ ಜಿಲ್ಲೆಯವರೇ ಆದ ಎಸ್. ನಿಜಲಿಂಗಪ್ಪನವರು. ಇದನ್ನು ವ್ಯಂಗ್ಯಕ್ಕಾಗಿ ಹೇಳುತ್ತಿಲ್ಲ. ಕಳ್ಳಭಟ್ಟಿಯ ಹಾವಳಿ ಒಂದು ಕಡೆ, ಬರಿದಾದ ಬೊಕ್ಕಸ ಇನ್ನೊಂದು ಕಡೆ. ಆ ಕಾಲದ ಸರಕಾರಗಳು ಈ ಎರಡರ ನಡುವೆ ಸಿಕ್ಕಿಕೊಂಡಿದ್ದವು.

ಅಂಗಡಿ ತೆರೆದ ಮೇಲೂ ಕಳ್ಳಭಟ್ಟಿ ನಿಲ್ಲಲಿಲ್ಲ. 1981ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಮೀಥೈಲ್ ಆಲ್ಕೊಹಾಲ್ ಬೆರೆತ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಬಹುಪಾಲು ಕೂಲಿಯವರು, ಬಡವರು. 2007ರ ಜುಲೈ 1ರಿಂದ ಸಾರಾಯಿಯನ್ನು ರಾಜ್ಯದಲ್ಲಿ ನಿಷೇಧಿಸಲಾಯಿತು; ಪ್ಯಾಕೆಟ್ ಸಾರಾಯಿ ಮರೆಯಾಗಿ ಅದರ ಜಾಗಕ್ಕೆ ಅಗ್ಗದ ವಿಸ್ಕಿ, ಬ್ರಾಂದಿ ಬಂದವು. 2019ರ ಜನವರಿಯಲ್ಲಿ ಸಾವಿರಾರು ಮಂದಿ ಹೆಂಗಸರು ಮದ್ಯನಿಷೇಧ ಬೇಕೆಂದು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ, ಸುಮಾರು 200 ಕಿಲೋಮೀಟರು, ನಡೆದೇ ಬಂದರು. ಅವರ ಕೋರಿಕೆ ಈಡೇರಲಿಲ್ಲ.

ಇಷ್ಟು ಅಂಗಡಿಯ ಚರಿತ್ರೆಯಾಯಿತು. ಅದು ಮುಖ್ಯವಲ್ಲವೆಂದು ನಾನು ಹೇಳಲಾರೆ. ಚಿತ್ರದುರ್ಗದಿಂದ ನಡೆದು ಬಂದ ತಾಯಂದಿರ ಮುಂದೆ ಹಾಗೆ ಹೇಳುವ ಧೈರ್ಯ ಯಾರಿಗಿದ್ದೀತು? ಆದರೆ ಈಗಾಗಲೇ ವ್ಯಸನಕ್ಕೆ ಬಿದ್ದವನನ್ನು ಕೈಹಿಡಿದು ಎಬ್ಬಿಸುವ ಕೆಲಸ ಬೇರೆಯದು. ಅದರ ಚರಿತ್ರೆ ಕಾಯಿದೆಯ ಪುಸ್ತಕಗಳಲ್ಲಿ ಸಿಕ್ಕುವುದಿಲ್ಲ. ಜನರು ಕೂಡಿ ಕುಳಿತ ಜಾಗಗಳಲ್ಲಿ ಅದನ್ನು ಹುಡುಕಬೇಕು.

ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೆಂಬವನಿದ್ದನು. ಹೆಂಡ ಮಾರುವುದೇ ಅವನ ಕಾಯಕ. ಕುಡಿಯಲು ಬಂದವರಿಗೆ ಅವನು ಬುದ್ಧಿ ಹೇಳಿ ಶರಣಮಾರ್ಗಕ್ಕೆ ತಿರುಗಿಸುತ್ತಿದ್ದನೆಂದು ಪರಂಪರೆ ಹೇಳುತ್ತದೆ. ಕುಡಿಯುವವನನ್ನು ಹುಡುಕಿಕೊಂಡು ಅವನು ದೂರ ಹೋಗಬೇಕಾಗಿರಲಿಲ್ಲ. ಅವರೇ ಅವನ ಬಳಿಗೆ ಬರುತ್ತಿದ್ದರು. ಅವನ ಮಾತು ಅವರಿಗೆ ತಾಗುತ್ತಿದ್ದುದಕ್ಕೆ ಕಾರಣ ಅವನು ಮೇಲೆ ಕುಳಿತು ಉಪದೇಶಿಸುವವನಾಗಿರದೆ ಅವರ ಲೋಕದೊಳಗಿನವನೇ ಆಗಿದ್ದುದು ಎಂದು ನನ್ನ ಊಹೆ.

ನಮ್ಮ ಕಾಲದಲ್ಲಿ ಇದೇ ಜಾಡಿನಲ್ಲಿ ನಡೆದವರು ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳು. ಜೋಳಿಗೆಯೆಂದರೆ ಜೋಳ, ರೊಟ್ಟಿ, ಕಾಸುಗಳನ್ನು ಭಿಕ್ಷೆ ಪಡೆಯುವ ಚೀಲವಷ್ಟೆ. 1975ರಿಂದ ಈ ಸ್ವಾಮಿಗಳು ಅದೇ ಜೋಳಿಗೆಯನ್ನು ಹಿಡಿದು ಕೇರಿ ಕೇರಿಗೂ ಹೋಗಿ, ‘ನಿಮ್ಮ ದುಶ್ಚಟವನ್ನೇ ನನಗೆ ಭಿಕ್ಷೆಯಾಗಿ ಹಾಕಿ’ ಎಂಬ ರೀತಿಯಲ್ಲಿ ಬೇಡತೊಡಗಿದರು. ಬೀಡಿ, ತಂಬಾಕು ಮೊದಲಾದವು ಅದರೊಳಗೆ ಬಿದ್ದವು. ಜನ ಅದನ್ನು ‘ಮಹಾಂತ ಜೋಳಿಗೆ’ ಎಂದು ಕರೆದರು. ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸುತ್ತಾರೆ. ಇಸವಿಯನ್ನು ಗಮನಿಸಿ: ಕಾಯಿದೆ ಹಿಂದೆ ಸರಿದದ್ದು 1967, ಜೋಳಿಗೆ ಹೊರಟದ್ದು 1975. ಕೊಡುವ ಸ್ಥಾನದಲ್ಲಿ ಕುಡುಕನನ್ನು ನಿಲ್ಲಿಸಿ ಬೇಡುವ ಸ್ಥಾನದಲ್ಲಿ ಗುರು ತಾನು ನಿಂತದ್ದೇ ಈ ಜೋಳಿಗೆಯ ಹೊಸತನ. ಊರೆಲ್ಲ ಛೀ ಎಂದವನ ಮುಂದೆ ಗುರುವು ಕೈಯೊಡ್ಡಿದರೆ ಅವನಿಗೆ ಏನಾದೀತೆಂದು ಯೋಚಿಸಿ.

ಆದರೆ ಜೋಳಿಗೆ ಫಲಿಸಬೇಕಾದರೆ ಊರು ಒಂದನ್ನೊಂದು ಬಲ್ಲ ಊರಾಗಿರಬೇಕು. ಸ್ವಾಮಿಗಳ ಎದುರು ಮಾತು ಕೊಟ್ಟವನು ಮಾರನೆಯ ದಿನ ಹೆಂಡದಂಗಡಿಯ ಕಡೆ ಹೊರಟರೆ ಕಟ್ಟೆಯ ಮೇಲೆ ಕುಳಿತವರು ‘ಏನಪ್ಪಾ?’ ಎಂದು ಕೇಳುತ್ತಾರೆ. ಬೆಂಗಳೂರಿನ ಉತ್ತರ ಭಾಗದ ಕಥೆಯೇ ಬೇರೆ. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್, ಯಲಹಂಕದಲ್ಲಿ 1984ರಲ್ಲಿ ರೈಲ್ವೆಯ ಗಾಲಿ ಮತ್ತು ಅಚ್ಚಿನ ಕಾರ್ಖಾನೆ, ಯಶವಂತಪುರದಲ್ಲಿ ರೈಲು, ಲಾರಿ, ಮಾರುಕಟ್ಟೆಯ ಮಂಡಿಗಳು. ಹತ್ತು ದಿಕ್ಕಿನಿಂದ ಹತ್ತು ಭಾಷೆಯ ಜನ ಬಂದು ಬಾಡಿಗೆ ಮನೆ ಹಿಡಿದರು. ಇಲ್ಲಿ ಕಟ್ಟೆಯೂ ಇಲ್ಲ, ಕೇಳುವ ಹಿರಿಯರೂ ಇಲ್ಲ. ಪಕ್ಕದ ಮನೆಯವನ ಹೆಸರು ಗೊತ್ತಿಲ್ಲದ ಜಾಗದಲ್ಲಿ ಯಾರ ಜೋಳಿಗೆಗೆ ಯಾರು ಮಾತು ಕೊಟ್ಟಾರು? ಇಂಥ ಊರಿಗೆ ಹೊಂದುವ ಕೂಟವೊಂದು ಹುಟ್ಟಿದ್ದು ದೂರದ ಅಮೆರಿಕಾದ ಕಾರ್ಖಾನೆಯ ಪಟ್ಟಣವೊಂದರಲ್ಲಿ.

ಆ ದೇಶದಲ್ಲಿ 1920ರಿಂದ 1933ರವರೆಗೆ ಪಾನನಿಷೇಧವಿತ್ತು. ಅದು ಎದ್ದುಹೋದ ಎರಡು ವರ್ಷಕ್ಕೆ, 1935ರ ಮೇ ತಿಂಗಳಲ್ಲಿ, ಬಿಲ್ ವಿಲ್ಸನ್ ಎಂಬ ನ್ಯೂಯಾರ್ಕಿನ ಷೇರು ದಲ್ಲಾಳಿ ಟಯರು ತಯಾರಿಕೆಗೆ ಹೆಸರಾದ ಆಕ್ರನ್ ಪಟ್ಟಣಕ್ಕೆ ವ್ಯವಹಾರಕ್ಕಾಗಿ ಬಂದನು. ಕುಡಿದು ಕುಡಿದು ಬದುಕು ಹಾಳುಮಾಡಿಕೊಂಡು, ಕೆಲವೇ ತಿಂಗಳ ಹಿಂದೆ ಅದನ್ನು ಬಿಟ್ಟಿದ್ದವನು. ಬಂದ ವ್ಯವಹಾರ ಮುರಿದುಬಿತ್ತು. ಹೋಟಲಿನ ಹಜಾರದಲ್ಲಿ ಒಬ್ಬನೇ ನಿಂತಿದ್ದಾನೆ. ಒಂದು ಕೊನೆಯಲ್ಲಿ ಪಾನಗೃಹದ ಗದ್ದಲ, ಇನ್ನೊಂದು ಕೊನೆಯಲ್ಲಿ ಟೆಲಿಫೋನು. ತನ್ನಂಥ ಇನ್ನೊಬ್ಬ ಕುಡುಕನ ಜೊತೆ ಮಾತನಾಡದಿದ್ದರೆ ತಾನು ಉಳಿಯಲಾರೆನೆಂದು ಅವನಿಗೆ ಹೊಳೆಯಿತು. ಪಾದ್ರಿಗಳಿಗೆ ಫೋನು ಮಾಡಿ ವಿಚಾರಿಸುತ್ತ ಹೋಗಿ, ಕೊನೆಗೆ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯನ ಭೇಟಿಯಾಯಿತು. ಅವನೂ ಮಹಾ ಕುಡುಕ. ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲವೆಂದು ಬಂದ ವೈದ್ಯ ರಾತ್ರಿ ಹನ್ನೊಂದು ದಾಟುವವರೆಗೂ ಕುಳಿತ. ಅವನಿಗೆ ಬುದ್ಧಿ ಹೇಳಿದವರು ಅದುವರೆಗೆ ಬೇಕಾದಷ್ಟು ಮಂದಿ. ತನ್ನ ಅನುಭವವನ್ನೇ ತನಗೆ ಹೇಳಿದವನು ಇವನೊಬ್ಬನೇ. ಡಾಕ್ಟರು ಕೊನೆಯ ಸಲ ಕುಡಿದ 1935ರ ಜೂನ್ 10ನ್ನೇ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಎಂಬ ಸಂಘದ ಹುಟ್ಟುದಿನವೆಂದು ಎಣಿಸುತ್ತಾರೆ. ಹೆಸರಿಲ್ಲದ ಮದ್ಯವ್ಯಸನಿಗಳ ಕೂಟವೆಂದು ಕನ್ನಡದಲ್ಲಿ ಹೇಳಬಹುದು.

(ರೇಡಿಯೋ ಪತ್ರಿಕೆಯ ಓದುಗರಿಗೆ ಇಲ್ಲೊಂದು ಸಣ್ಣ ಮಾತು. ಅದೇ 1935ರ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಆರಂಭಿಸಿದರು. ಅವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು.)

ಈ ಸಂಘ ಭಾರತಕ್ಕೆ ಬಂದದ್ದು 1957ರಲ್ಲಿ, ಮುಂಬಯಿಯ ಮೂಲಕ. ಬೆಂಗಳೂರಿನಲ್ಲಿಯೂ ಇದರ ಕೂಟಗಳು ಕನ್ನಡ, ತಮಿಳು, ಇಂಗ್ಲಿಷುಗಳಲ್ಲಿ ನಡೆಯುತ್ತವೆ. ಹೆಚ್ಚಾಗಿ ಶಾಲೆಯ ಕೊಠಡಿ, ಚರ್ಚಿನ ಸಭಾಂಗಣಗಳಲ್ಲಿ. ಸದಸ್ಯಶುಲ್ಕವಿಲ್ಲ. ರುಜು ಹಾಕಿಸಿಕೊಳ್ಳುವುದಿಲ್ಲ. ಕುಡಿತ ಬಿಡಬೇಕೆಂಬ ಇಚ್ಛೆಯೊಂದಿದ್ದರೆ ಸಾಕು. ಒಬ್ಬೊಬ್ಬರಾಗಿ ಎದ್ದು ತಮ್ಮ ಹೆಸರಷ್ಟನ್ನು ಹೇಳಿ ತಮ್ಮ ಕಥೆ ಹೇಳುತ್ತಾರೆ; ನಡುವೆ ಯಾರೂ ಬಾಯಿ ಹಾಕುವುದಿಲ್ಲ. ಜನ್ಮಪೂರ್ತಿ ಮುಟ್ಟೆನೆಂಬ ಭಾರಿ ಪ್ರತಿಜ್ಞೆ ಅಲ್ಲಿಲ್ಲ. ಇಂದಿನ ಒಂದು ದಿನ ಮುಟ್ಟದಿದ್ದರಾಯಿತು, ನಾಳೆಯ ಮಾತು ನಾಳೆಗೆ. ಹೊಸಬನಿಗೆ ಹಳಬನೊಬ್ಬ ಜೊತೆಗಾರನಾಗಿ ನಿಲ್ಲುತ್ತಾನೆ, ಅಪರಾತ್ರಿಯಲ್ಲಿ ಫೋನು ಮಾಡಿದರೂ ಬೇಸರಿಸದೆ ಮಾತನಾಡುತ್ತಾನೆ. ಪಾನನಿಷೇಧ ಬೇಕೋ ಬೇಡವೋ ಎಂಬ ವಾದದಲ್ಲಿ ಈ ಸಂಘ ಪಕ್ಷ ಹಿಡಿಯುವುದಿಲ್ಲವೆಂಬುದನ್ನೂ ಗಮನಿಸಬೇಕು. ಕುಡುಕನ ಹೆಂಡತಿ ಮಕ್ಕಳಿಗಾಗಿ ವಿಲ್ಸನ್ನನ ಪತ್ನಿ ಲೋಯಿಸ್ 1951ರಲ್ಲಿ ‘ಅಲ್-ಅನಾನ್’ ಎಂಬ ಬೇರೆ ಕೂಟವನ್ನು ಕಟ್ಟಿದಳು. ಮಾದಕ ವಸ್ತುಗಳಿಗೆ ಸಿಕ್ಕಿದವರಿಗೆ ‘ನಾರ್ಕೋಟಿಕ್ಸ್ ಅನಾನಿಮಸ್’ ಎಂಬ ಇನ್ನೊಂದುಂಟು, ಅದು 1953ರದು. ನಮ್ಮ ಗೃಹಿಣಿಯರಿಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗವಾಗಬಲ್ಲದ್ದು ಅಲ್-ಅನಾನ್ ಎಂದು ನನ್ನ ಅಭಿಪ್ರಾಯ. ಗಂಡನ ಕುಡಿತವನ್ನು ನೆರೆಯವರಿಂದ, ಮೇಲಧಿಕಾರಿಗಳಿಂದ, ತವರಿನಿಂದ ಮುಚ್ಚಿಟ್ಟು ಮುಚ್ಚಿಟ್ಟು ದಣಿದವರು ಅಲ್ಲಿ ಬಾಯಿಬಿಟ್ಟು ಮಾತನಾಡಬಹುದು.

ಇನ್ನು ಶಿಬಿರಗಳ ವಿಷಯ. ಚೆನ್ನೈಯಲ್ಲಿ ಶಾಂತಿ ರಂಗನಾಥನ್ ಅವರು ಕುಡಿತದಿಂದ ತಮ್ಮ ಪತಿಯನ್ನು ಕಳೆದುಕೊಂಡು, 1980ರಲ್ಲಿ ಅವರ ಹೆಸರಿನಲ್ಲಿ ವ್ಯಸನಚಿಕಿತ್ಸೆಯ ಸಂಸ್ಥೆಯನ್ನು ಸ್ಥಾಪಿಸಿದರು. ಆಸ್ಪತ್ರೆಗೆ ಬರಲಾರದ ಹಳ್ಳಿಗರಿಗೆಂದು 1989ರಲ್ಲಿ ಕಾವೇರಿಯ ಬಯಲಿನ ಮಂಜಕ್ಕುಡಿಯಲ್ಲಿ ಅಲ್ಲಿಯೇ ಉಳಿದು ಚಿಕಿತ್ಸೆ ಪಡೆಯುವ ಶಿಬಿರ ನಡೆಸಿದರು. ನಮ್ಮಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಗಳು ಎಂಟು ದಿನದ ಮದ್ಯವರ್ಜನ ಶಿಬಿರಗಳನ್ನು ರಾಜ್ಯದ ಉದ್ದಗಲಕ್ಕೂ ನಡೆಸುತ್ತ ಬಂದಿವೆ. ಶಿಬಿರ ಮುಗಿಸಿದವರು ಊರಿಗೆ ಮರಳಿದ ಮೇಲೆ ‘ನವಜೀವನ ಸಮಿತಿ’ ಎಂಬ ಹೆಸರಿನಲ್ಲಿ ಆಗಾಗ ಸೇರುತ್ತಾರೆ. ಎಂಟು ದಿನಕ್ಕಿಂತ ಆ ಸಮಿತಿಯ ಸೇರುವಿಕೆಯೇ ದೊಡ್ಡದು. ಶಿಬಿರದ ಕೊನೆಯ ದಿನ ಹಾರ ಹಾಕಿಸಿಕೊಂಡು ಮನೆಗೆ ಬಂದವನಿಗೆ ಒಂಬತ್ತನೆಯ ದಿನದ ಸಂಜೆ ಆರು ಗಂಟೆ ಇರುತ್ತದಲ್ಲ, ಆ ಹೊತ್ತಿಗೆ ಹೋಗಲು ಒಂದು ಜಾಗ ಬೇಕು.

ಇಲ್ಲಿಯವರೆಗೆ ಕೂಟದ ಹಿರಿಮೆಯನ್ನು ಹೇಳಿದೆ. ಕೂಟವೊಂದೇ ಸಾಲದ ಸಂದರ್ಭವೂ ಉಂಟು. ಅದನ್ನು ಹೇಳದಿದ್ದರೆ ಅನಾಹುತವಾದೀತು. ದಿನವೂ ಹೆಚ್ಚಾಗಿ, ಬೆಳಗ್ಗೆ ಎದ್ದೊಡನೆಯೇ, ಬಹುಕಾಲ ಕುಡಿದವನು ದೇವರ ಮುಂದೆ ಆಣೆಯಿಟ್ಟು ಒಮ್ಮೆಗೇ ನಿಲ್ಲಿಸಿದರೆ ಕೆಲವು ಗಂಟೆಗಳಲ್ಲಿ ಕೈನಡುಕ, ಬೆವರು, ವಾಂತಿ ತೊಡಗಬಹುದು. ಮೊದಲ ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನ ಕಳೆದ ಮೇಲೆ ಸನ್ನಿ ಹಿಡಿದು ಇಲ್ಲದ್ದು ಕಾಣಿಸಬಹುದು. ‘ಗಾಳಿ ಸೋಕಿದೆ’ ಎಂದು ಅವನನ್ನು ಯಂತ್ರ ಕಟ್ಟುವವರ ಬಳಿಗೆ ಒಯ್ಯುವವರುಂಟು. ಅದು ಗಾಳಿಯಲ್ಲ. ಚಿಕಿತ್ಸೆಯಿಲ್ಲದಿದ್ದರೆ ಪ್ರಾಣಕ್ಕೇ ಮುಳುವಾಗುವ ರೋಗಸ್ಥಿತಿ. ಅಂಥವನನ್ನು ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ವೈದ್ಯರು ಕೆಲವು ದಿನ ಔಷಧಿ ಕೊಟ್ಟು, ಬಿ1 ಜೀವಸತ್ವವನ್ನು ತುಂಬಿ, ಈ ಗಂಡಾಂತರವನ್ನು ದಾಟಿಸಬಲ್ಲರು. ಆಣೆ ಇಡಬೇಡಿರೆಂದು ನಾನು ಹೇಳುತ್ತಿಲ್ಲ. ವೈದ್ಯರನ್ನು ಕಂಡು ಆಮೇಲೆ ಇಡಿ.

ಇನ್ನೊಂದು ಎಚ್ಚರಿಕೆ. ಬಸ್ ನಿಲ್ದಾಣದ ಗೋಡೆಗಳ ಮೇಲೆ ‘ಗೊತ್ತಾಗದಂತೆ ಅನ್ನದಲ್ಲಿ ಬೆರೆಸಿ ಕುಡಿತ ಬಿಡಿಸಿ’ ಎಂಬ ಜಾಹೀರಾತುಗಳನ್ನು ನೀವು ನೋಡಿರುತ್ತೀರಿ. ಆ ಪುಡಿಗಳಲ್ಲಿ ಏನಿದೆಯೋ ಮಾರುವವನೇ ಬಲ್ಲ. ಡೈಸಲ್ಫಿರಾಂ ಎಂಬ ಔಷಧವೊಂದಿದೆ. ಕುಡಿತದ ಮೇಲೆ ಅದರ ಪರಿಣಾಮವನ್ನು 1940ರ ದಶಕದಲ್ಲಿ ಡೆನ್ಮಾರ್ಕಿನ ಸಂಶೋಧಕರು ಕಂಡುಕೊಂಡರು. ಅದನ್ನು ಸೇವಿಸಿ ಮೇಲೆ ಮದ್ಯ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯುತ್ತದೆ, ಸಾವೂ ಸಂಭವಿಸಬಹುದು. ಆದ್ದರಿಂದಲೇ ವೈದ್ಯರು ಅದನ್ನು ರೋಗಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದೇ ಕೊಡುತ್ತಾರೆ. ಕದ್ದು ಬೆರೆಸುವುದು ವಿಷವಿಕ್ಕಿದಂತೆಯೇ.

ಆಸ್ಪತ್ರೆಗಳಲ್ಲಿ ಮೊದಲು ನೆನಪಿಗೆ ಬರುವುದು ನಿಮ್ಹಾನ್ಸ್. ಬೆಂಗಳೂರಿನ ಮಾನಸಿಕ ಆಸ್ಪತ್ರೆಯೂ, 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದಾಗಿ ಅದು ರೂಪುಗೊಂಡಿತು. ಅಲ್ಲಿನ ವ್ಯಸನಚಿಕಿತ್ಸಾ ವಿಭಾಗವು ಇಡೀ ದೇಶಕ್ಕೇ ಮಾದರಿಯಾಗಿ ಬೆಳೆದಿದೆ. ಆದರೆ ಅದಿರುವುದು ಊರಿನ ದಕ್ಷಿಣಕ್ಕೆ, ಹೊಸೂರು ರಸ್ತೆಯಲ್ಲಿ. ನಡುಗುವ ಕೈಯವನನ್ನು ಯಲಹಂಕದಿಂದ ಹೆಬ್ಬಾಳದ ಮೇಲ್ಸೇತುವೆಯನ್ನೂ ಮೇಖ್ರಿ ವೃತ್ತವನ್ನೂ ದಾಟಿಸಿ, ಊರಿನ ಆ ತುದಿಗೆ ಕರೆದೊಯ್ಯುವಷ್ಟರಲ್ಲಿ ಹಾದಿಯ ಅಂಗಡಿಗಳು ಎಷ್ಟು ಸಲ ಕರೆದಾವು! ಬಿಡಬೇಕೆಂಬ ಮನಸ್ಸು ಬಂದ ಗಳಿಗೆ ಬಹಳ ಹೊತ್ತು ನಿಲ್ಲುವುದಿಲ್ಲ. ಹತ್ತಿರದ ಬಾಗಿಲು ಗೊತ್ತಿರಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ಕುಡಿತದಿಂದ ತೊಂದರೆಗೊಳಗಾಗಿ ನೆರವು ಬೇಕಾದವರು ಸುಮಾರು 5.7 ಕೋಟಿ ಮಂದಿ. ಕುಡಿತಕ್ಕೆ ಪೂರ್ತಿ ಅಧೀನರಾದವರಲ್ಲಿ ಯಾವುದಾದರೂ ಬಗೆಯ ಚಿಕಿತ್ಸೆ ಪಡೆದವರು 38ಕ್ಕೆ ಒಬ್ಬರು. ಉಳಿದ 37 ಮಂದಿಯಲ್ಲಿ ಬಾಗಿಲೆಲ್ಲಿದೆಯೆಂದು ತಿಳಿಯದವರು ಎಷ್ಟೋ, ತಿಳಿದೂ ನಾಚಿಕೆಯಿಂದ ಹೋಗದವರು ಎಷ್ಟೋ.

ಉತ್ತರ ಬೆಂಗಳೂರಿನವರಿಗೆ ಹತ್ತಿರದಲ್ಲಿಯೇ ಹಲವು ಬಾಗಿಲುಗಳುಂಟು. ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೆಂದರೆ ಮನೋವೈದ್ಯ ವಿಭಾಗ ಇರಲೇಬೇಕು. ಮತ್ತಿಕೆರೆ, ಯಶವಂತಪುರದವರಿಗೆ ರಾಮಯ್ಯ ಆಸ್ಪತ್ರೆ, ಆರ್.ಟಿ. ನಗರದವರಿಗೆ ಕಾಡುಗೊಂಡನಹಳ್ಳಿಯ ಡಾ. ಬಿ.ಆರ್. ಅಂಬೇಡ್ಕರ್ ವೈದ್ಯಕೀಯ ಕಾಲೇಜು ಹತ್ತಿರ. ಸರಕಾರಿ ಆಸ್ಪತ್ರೆಯೇ ಬೇಕೆನ್ನುವವರು ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡಾಯಿತು. ಯಲಹಂಕವೂ ಈಗ ತಾಲ್ಲೂಕು ಕೇಂದ್ರವಾದ್ದರಿಂದ ಅಲ್ಲಿನ ಸರಕಾರಿ ಆಸ್ಪತ್ರೆಯಲ್ಲಿ ದಿನ, ಹೊತ್ತುಗಳನ್ನು ಮೊದಲೇ ಕೇಳಿಕೊಂಡು ಹೋಗುವುದು ಒಳ್ಳೆಯದು. ಮನೆಯಿಂದ ಕದಲಲಾರದವರಿಗೆ ಫೋನಿದೆ. 14446 ಎಂಬುದು ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ. 14416 ಎಂಬುದು 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’. ಎರಡಕ್ಕೂ ಹಣ ಕೊಡಬೇಕಾಗಿಲ್ಲ. ಟೆಲಿ ಮಾನಸ್‌ನಲ್ಲಿ ಹಗಲಿರುಳೂ ಕನ್ನಡದಲ್ಲಿ ಮಾತನಾಡಬಹುದು. ಹತ್ತಿರದ ಚಿಕಿತ್ಸಾಲಯ ಯಾವುದೆಂದು ಅವರನ್ನೇ ಕೇಳಬಹುದು.

ಖಾಸಗಿ ‘ಪುನರ್ವಸತಿ ಕೇಂದ್ರ’ಗಳ ಫಲಕಗಳು ನಮ್ಮ ಹೊರವರ್ತುಲ ರಸ್ತೆಗಳ ಬದಿಯಲ್ಲಿ ಹೆಚ್ಚುತ್ತಿವೆ. ಒಳ್ಳೆಯವೂ ಇವೆ. ಆದರೆ ಸೇರಿಸುವ ಮುನ್ನ ನೋಂದಣಿಪತ್ರವನ್ನು ತೋರಿಸಿರೆಂದು ಕೇಳುವುದಕ್ಕೆ ಸಂಕೋಚಪಡಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಮದ್ಯ ಮತ್ತು ಮಾದಕ ವಸ್ತುಗಳಿಂದಾಗುವ ಮನೋರೋಗಗಳನ್ನೂ ತನ್ನೊಳಗೆ ಸೇರಿಸಿಕೊಂಡಿದೆ; ಅಂಥವರನ್ನು ಇರಿಸಿಕೊಂಡು ಚಿಕಿತ್ಸೆ ಮಾಡುವ ಸಂಸ್ಥೆ ನೋಂದಣಿಯಾಗಿರಬೇಕೆಂದೂ, ಯಾರನ್ನೂ ಸರಪಳಿಯಲ್ಲಿ ಕಟ್ಟಕೂಡದೆಂದೂ ಅದು ವಿಧಿಸುತ್ತದೆ. ‘ಮೂರು ತಿಂಗಳು ನೋಡಲು ಬರಬೇಡಿ, ಫೋನನ್ನೂ ಮಾಡಬೇಡಿ’ ಎಂದು ಯಾವ ಕೇಂದ್ರವಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಮೊದಲ ಸಲ ವೈದ್ಯರಲ್ಲಿಗೆ ಹೋಗುವಾಗ ಬೆಳಗ್ಗೆಯೇ, ಅಂಗಡಿ ತೆರೆಯುವ ಮುನ್ನ ಹೊರಡುವುದು ಮೇಲು. ಎಷ್ಟು ವರ್ಷದಿಂದ, ದಿನಕ್ಕೆಷ್ಟು, ಕೊನೆಯ ಸಲ ಕುಡಿದದ್ದು ಯಾವಾಗ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೆ, ಬೇರೆ ಔಷಧಿಗಳು ನಡೆಯುತ್ತಿವೆಯೆ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ರೋಗಿ ಸರಿಯಾಗಿ ಹೇಳಲಾರ, ನಾಚಿಕೆಯಿಂದ ಕಡಿಮೆ ಮಾಡಿ ಹೇಳುತ್ತಾನೆ. ಮನೆಯವರೊಬ್ಬರು ಜೊತೆಗಿರಬೇಕು. ಹಿಂತಿರುಗುವ ಮುನ್ನ ಹತ್ತಿರದ ಕೂಟ ಎಲ್ಲಿ, ಯಾವ ವಾರ ನಡೆಯುತ್ತದೆಯೆಂದು ಅಲ್ಲಿಯೇ ಕೇಳಿಕೊಂಡು ಬನ್ನಿ. ಅವನು ಬರುವುದಿಲ್ಲವೆಂದು ಹಟ ಹಿಡಿದರೂ ನೀವು ಅಲ್-ಅನಾನ್‌ಗೆ ಹೋಗಬಹುದು. ಅದಕ್ಕೆ ಅವನ ಒಪ್ಪಿಗೆ ಬೇಕಾಗಿಲ್ಲ.